ಅಗಲವೋ, ಮಟ್ಟವೋ, ಇಳಿಜಾರೋ: ಉಪಗ್ರಹದಿಂದ ನದಿಯ ಹರಿವಿನ ಅಂದಾಜು

ನದಿಯಲ್ಲಿ ಸೆಕೆಂಡಿಗೆ ಎಷ್ಟು ಘನಮೀಟರ್ ನೀರು ಹರಿಯುತ್ತಿದೆ ಎಂಬುದನ್ನು ಯಾವ ಉಪಗ್ರಹವೂ ನೇರವಾಗಿ ಅಳೆಯುವುದಿಲ್ಲ. ಅದಕ್ಕೆ ಕಾಣುವುದು ನೀರಿನ ಮೇಲ್ಮೈ ಮಾತ್ರ. ಆ ಮೇಲ್ಮೈಯ ಯಾವ ಗುಣವನ್ನು ನೆಚ್ಚಬಹುದೆಂದು ತಿಳಿಯಲು, ಜಲಮಾಪನ ಕೇಂದ್ರದ ದಿನವಹಿ ದಾಖಲೆ ಲಭ್ಯವಿದ್ದ ಒಂದೇ ನದಿಭಾಗದ ಮೇಲೆ ಮೂರು ವಿಧಾನಗಳನ್ನು ಪ್ರಯೋಗಿಸಿ ನೋಡಿದೆ.

ಮೊದಲನೆಯದು ಅಗಲ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಜೋಡಿ ಐದು ದಿನಕ್ಕೊಮ್ಮೆ 10 ಮೀಟರ್ ಪಿಕ್ಸೆಲ್‌ನ ಚಿತ್ರ ಕೊಡುತ್ತದೆ. ಮರಳು ದಿಬ್ಬಗಳ ನಡುವೆ ನದಿ ಕವಲೊಡೆಯುವಲ್ಲಿ ಈ ವಿಧಾನ ಚೆನ್ನಾಗಿಯೇ ನಡೆಯಿತು. ಆದರೆ ದಡ ಕಡಿದಾಗಿರುವಲ್ಲಿ ನೀರು ಎಷ್ಟೇ ಏರಿದರೂ ಅಗಲ ಒಂದೆರಡು ಪಿಕ್ಸೆಲ್‌ನಷ್ಟು ಮಾತ್ರ ಬದಲಾಯಿತು. ಪ್ರವಾಹದ ದಿನಗಳಲ್ಲಂತೂ ಮೋಡವೇ ಅಡ್ಡ. ಮೋಡದ ನೆರಳೂ ಹಲವು ಸಲ ನೀರೆಂದು ಎಣಿಕೆಯಾಯಿತು.

ಎರಡನೆಯದು ಆಲ್ಟಿಮೀಟರಿನಿಂದ, ಅಂದರೆ ರೇಡಾರ್ ಅಲೆ ಹೋಗಿ ಬರುವ ಸಮಯದಿಂದ ಎತ್ತರ ಅಳೆಯುವ ಉಪಕರಣದಿಂದ, ಮಟ್ಟ. ಅದನ್ನು ಹೊತ್ತ ಸೆಂಟಿನೆಲ್-3 ಉಪಗ್ರಹದ ಪಥ ನದಿಯನ್ನು ದಾಟುವ ಜಾಗದಲ್ಲಿ ಮಾತ್ರ, ಅದೂ 27 ದಿನಕ್ಕೊಮ್ಮೆ, ಅಳತೆ ಸಿಗುತ್ತದೆ. ಉಪಗ್ರಹ ನದಿಯ ನೆತ್ತಿಗೆ ಬರುವ ಮೊದಲೇ ನೀರಿನ ಪ್ರತಿಧ್ವನಿ ಓರೆಯಾದ, ಹೆಚ್ಚು ಉದ್ದದ ದಾರಿಯಲ್ಲಿ ತಲುಪುವುದರಿಂದ, ಆ ಬಿಂದುಗಳ ಮಟ್ಟ ತಗ್ಗಾಗಿ ಕಂಡು, ನಕ್ಷೆಯಲ್ಲಿ ಕಮಾನಿನ ಆಕಾರ ಮೂಡುತ್ತದೆ. ನಿಜವಾದ ಮಟ್ಟ ಇರುವುದು ಕಮಾನಿನ ನೆತ್ತಿಯಲ್ಲಿ. ಇದನ್ನರಿಯದೆ ನಾನು ಆರಂಭದಲ್ಲಿ ಎಲ್ಲ ಬಿಂದುಗಳ ಸರಾಸರಿ ತೆಗೆದು ತಪ್ಪು ಮಾಡಿದ್ದೆ. ಅದನ್ನು ತಿದ್ದಿದ ಮೇಲೆ ಏರಿಳಿತವು ಕೇಂದ್ರದ ದಾಖಲೆಗೆ ಅಗಲಕ್ಕಿಂತ ಬಹಳ ಚೆನ್ನಾಗಿ ಹೊಂದಿತು. ಆದರೂ ಮಟ್ಟವನ್ನು ಹರಿವಾಗಿ ಪರಿವರ್ತಿಸಲು ನೆಲದ ಮೇಲೆ ಅಳೆದ ಹರಿವಿನ ಲೆಕ್ಕ ಬೇಕೇ ಬೇಕು.

ಮೂರನೆಯದು, ನಾಸಾ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಸಿಎನ್‌ಇಎಸ್ ಮುಂದಾಳತ್ವದಲ್ಲಿ 2022ರ ಡಿಸೆಂಬರ್ 16ರಂದು ಹಾರಿದ ಸ್ವಾಟ್ ಎಂಬ ರೇಡಾರ್ ಉಪಗ್ರಹ. ಹತ್ತು ಮೀಟರ್ ಅಂತರದ ಎರಡು ಆಂಟೆನಾಗಳಿಂದ ಇದು ಪಥದ ಎರಡೂ ಬದಿಯ ಸುಮಾರು 50 ಕಿಲೋಮೀಟರ್ ಪಟ್ಟಿಗಳನ್ನು ನೋಡಿ, 100 ಮೀಟರಿಗಿಂತ ಅಗಲವಾದ ನದಿಗಳ ಅಗಲ, ಮಟ್ಟ, ಇಳಿಜಾರುಗಳನ್ನು ಒಟ್ಟಿಗೇ ಅಳೆಯುತ್ತದೆ. ನನ್ನ ಮನ ಗೆದ್ದದ್ದು ಇಳಿಜಾರು. ಪ್ರವಾಹ ಏರುವಾಗ ನೀರಿನ ಮೇಲ್ಮೈ ಹೆಚ್ಚು ಓರೆಯಾಗಿರುತ್ತದೆ, ಇಳಿಯುವಾಗ ಚಪ್ಪಟೆಯಾಗುತ್ತದೆ. ಆದ್ದರಿಂದ ಮಟ್ಟ ಒಂದೇ ಇದ್ದರೂ ಹರಿವು ಬೇರೆ ಬೇರೆ. ಮಟ್ಟವನ್ನಷ್ಟೇ ನೋಡುವ ವಿಧಾನಕ್ಕೆ ಈ ವ್ಯತ್ಯಾಸ ಗೋಚರಿಸುವುದೇ ಇಲ್ಲ. ಗಾಳಿಯಿಲ್ಲದೆ ನೀರು ಕನ್ನಡಿಯಂತೆ ನಿಂತ ದಿನಗಳಲ್ಲಿ ರೇಡಾರ್ ಅಲೆ ಹಿಂದಿರುಗದೆ ನದಿಯ ಕೆಲವು ತುಂಡುಗಳು ಕಪ್ಪಾಗಿ ಮಾಯವಾಗುತ್ತವೆ. 21 ದಿನಗಳ ಆವರ್ತದ ನಡುವೆ ಒಂದು ಪ್ರವಾಹವೇ ಬಂದು ಹೋಗಬಹುದು. ಇವೆರಡಕ್ಕೂ ನಾನು ಹೊಂದಿಕೊಂಡೆ.

ಹೊಂದಿಕೊಳ್ಳಲಾಗದ್ದು ತಳದ ಅಜ್ಞಾತ ಆಳ. ಇಳಿಜಾರಿನಿಂದ ಹರಿವನ್ನು ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರಕ್ಕೆ ಅಡ್ಡಕೊಯ್ತದ ವಿಸ್ತೀರ್ಣವೂ ತಳದ ಒರಟುತನವೂ ಬೇಕು; ಅವನ್ನು ಊಹಿಸಿದಾಗ ಏರಿಳಿತದ ಆಕಾರ ಸರಿಯಾಗಿದ್ದರೂ ಇಡೀ ರೇಖೆ ದಾಖಲೆಗಿಂತ ಮೇಲಕ್ಕೆ ಸರಿದಿತ್ತು. ನೀರು ತಗ್ಗಿದ ಕಾಲದಲ್ಲಿ ಒಮ್ಮೆ ದೋಣಿಯಲ್ಲಿ ಹೋಗಿ, ದಡದಿಂದ ದಡಕ್ಕೆ ಆಳವನ್ನು ಅಳೆದು ಲೆಕ್ಕಕ್ಕೆ ಸೇರಿಸಿದ ಮೇಲೆಯೇ ಆ ಅಂತರದ ಬಹುಪಾಲು ಕರಗಿತು.