ಹಿಮ ಬೀಳಲಿ, ಆಮೇಲೆ ನೋಡೋಣ ಅನ್ನಬೇಡಿ: ಸ್ಪೋರ್ಟ್ಸ್ ಕಾರು, ಸಮ್ಮರ್ ಟೈರು ಮತ್ತು ಚಳಿಗಾಲ

ಹಿಂದಿನ ಚಕ್ರಕ್ಕೆ ಪವರ್ ಹೋಗುವ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು, ಅದರಲ್ಲೂ ಅಂಥ ಕಾರಿನಲ್ಲಿ ಇದೇ ಮೊದಲ ಚಳಿಗಾಲ ಕಳೆಯಲು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. "ಹಿಮ ಬಿದ್ದ ಮೇಲೆ ಟೈರ್ ಬದಲಾಯಿಸಿದರಾಯ್ತು" ಅನ್ನುವವರು ತುಂಬಾ ಜನ ಸಿಗುತ್ತಾರೆ. ನಮ್ಮ ಭಾವನೂ ಅದನ್ನೇ ಹೇಳುತ್ತಿದ್ದರು. ಅವರ ಕಾರು ರಸ್ತೆಯಲ್ಲಿ ತಿರುಗಿ ನಿಂತ ದಿನ ಎಲ್ಲೂ ಒಂದು ಚೂರು ಹಿಮ ಇರಲಿಲ್ಲ. ಬಿಸಿಲಿತ್ತು!

ಕಾರಿನ ಹೆಸರು ಹಾಕಬೇಡ, ನನ್ನ ಹೆಸರಂತೂ ಹಾಕಲೇಬೇಡ ಅಂತ ಭಾವ ಷರತ್ತು ಹಾಕಿದ್ದಾರೆ. ಹಾಗಾಗಿ ಇಷ್ಟು ಸಾಕು: ಎರಡು ಬಾಗಿಲಿನ ಕೂಪೆ, ಎಂಜಿನ್ ಮುಂದೆ, ಗಾಡಿ ತಳ್ಳುವುದು ಹಿಂದಿನ ಚಕ್ರ, ಬೇಕಾದ್ದಕ್ಕಿಂತ ಜಾಸ್ತಿ ಪವರ್. ಸೆಕೆಂಡ್ ಹ್ಯಾಂಡ್, ಬೇಸಿಗೆಯ ಕೊನೆಗೆ ಕೊಂಡಿದ್ದು. ಮಾರಿದವನು ಬಾನೆಟ್ ಎತ್ತಿ ತೋರಿಸಿದ, ಸರ್ವಿಸ್ ದಾಖಲೆ ತೋರಿಸಿದ, ಕೊನೆಗೆ ಟೈರಿಗೆ ಒಂದು ಒದೆ ಕೊಟ್ಟು "ನಾಲ್ಕೂ ಹೊಸದು, ಇನ್ನು ಯೋಚನೆನೇ ಇಲ್ಲ" ಅಂದ. ಸುಳ್ಳೇನೂ ಅಲ್ಲ. ಟೈರ್ ಹೊಸದೇ, ಒಳ್ಳೆ ಬ್ರ್ಯಾಂಡೇ. ಆದರೆ ಅವು ಅಪ್ಪಟ ಸಮ್ಮರ್ ಟೈರು, ಅಂದರೆ ಬೇಸಿಗೆಗೆ ಅಂತಲೇ ಮಾಡಿದ್ದು, ಅನ್ನುವ ಒಂದು ಮಾತು ಅವನ ಬಾಯಿಂದ ಬರಲಿಲ್ಲ.

ಟೈರಿನ ಮೇಲಿನ ಗುರುತು ನೋಡಿ ನಾನು ಕೇಳಿದ್ದೆ. "ಭಾವ, ಇದು ಸಮ್ಮರ್ ಟೈರ್ ಅಲ್ವಾ? ಚಳಿಗೆ ಬೇರೆ ಹಾಕಿಸಲ್ವಾ ನೀವು?"

"ಹಿಮ ಬೀಳಲಿ ಕಣೋ, ಆಮೇಲೆ ನೋಡೋಣ. ಹೊಸ ಟೈರ್ ಬಿಚ್ಚಿಡೋಕೆ ಮನಸ್ಸು ಬರಲ್ಲ."

ಕಾರು ಕೊಳ್ಳುವಾಗ ಇಲ್ಲದ ಜಿಪುಣತನ ಈಗ ಎಲ್ಲಿಂದ ಬಂತು ಅಂತ ಅಕ್ಕ ಒಳಗಿನಿಂದಲೇ ಕೇಳಿದಳು. ನಾವಿಬ್ಬರೂ ಕೇಳಿಸದವರ ಹಾಗೆ ಕಾರಿನ ಬಣ್ಣ ನೋಡುತ್ತಾ ನಿಂತೆವು.

ಆಮೇಲೆ ಚಳಿ ಬಂತು. ಆ ಬೆಳಿಗ್ಗೆ ಡ್ಯಾಶ್‌ಬೋರ್ಡ್ ಹೊರಗೆ 2 ಡಿಗ್ರಿ ಅಂತ ತೋರಿಸುತ್ತಿತ್ತು. ನಾನು, ಭಾವ ಮನೆಯಿಂದ ಹೊರಟು ಇನ್ನೂ ಸ್ವಲ್ಪ ದೂರವೂ ಬಂದಿರಲಿಲ್ಲ, ಅಂದರೆ ಟೈರ್ ರಾತ್ರಿಯೆಲ್ಲ ಹೊರಗೆ ನಿಂತಷ್ಟೇ ತಣ್ಣಗಿತ್ತು. ರಸ್ತೆ ಒಣಗಿತ್ತು. ಸಿಗ್ನಲ್ ಬಿಟ್ಟ ಕೂಡಲೇ ಎಡಕ್ಕೆ ತಿರುಗಬೇಕು. ತಿರುವಿನ ಒಳಗೆ ಕಟ್ಟಡದ ನೆರಳು, ಅಲ್ಲಿ ಮಾತ್ರ ಡಾಂಬರು ತುಸು ತೇವ. ಭಾವ ಏನೂ ಹೀರೋಗಿರಿ ಮಾಡಲಿಲ್ಲ. ಬೇಸಿಗೆಯಲ್ಲಿ ಹೇಗೆ ತಿರುಗಿಸುತ್ತಿದ್ದರೋ ಹಾಗೇ ತಿರುಗಿಸಿದರು, ಅಷ್ಟೇ ಆಕ್ಸಿಲರೇಟರ್ ಒತ್ತಿದರು. ಸ್ಪೋರ್ಟ್ ಮೋಡ್ ಆನ್ ಇತ್ತು. ತುಂಬಾ ಕಾರುಗಳಲ್ಲಿ ಆ ಮೋಡ್‌ನಲ್ಲಿ ಹಿಂಬದಿ ಸ್ವಲ್ಪ ಜಾರಲು ಕಂಪ್ಯೂಟರೇ ಬಿಟ್ಟುಕೊಡುತ್ತದೆ. ಇದನ್ನು ನೆನಪಿಡಿ.

ಮೊದಲು ಗೊತ್ತಾಗಿದ್ದು ಸೊಂಟಕ್ಕೆ. ಕೂತ ಸೀಟನ್ನೇ ಯಾರೋ ಬಲಕ್ಕೆ ಎಳೆದ ಹಾಗಾಯಿತು. ಶಬ್ದ ಇಲ್ಲ, ಟೈರ್ ಕಿರುಚಲಿಲ್ಲ. ಬೇಸಿಗೆಯಲ್ಲಾದರೆ ಕಿರುಚಿ ಎಚ್ಚರಿಸುತ್ತದೆ. ಚಳಿಯಲ್ಲಿ ಆ ಎಚ್ಚರಿಕೆಯೂ ಇಲ್ಲ. ಮೀಟರಿನ ಒಳಗೆ ಚಕ್ರ ಜಾರುತ್ತಿದೆ ಅನ್ನುವ ಹಳದಿ ದೀಪ ಪಟಪಟ ಮಿನುಗಿತು. ಭಾವ ಗಾಬರಿಯಲ್ಲಿ ಕಾಲನ್ನು ಪೂರ್ತಿ ಮೇಲೆತ್ತಿ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದರು. ಅಷ್ಟರಲ್ಲಿ ನೆರಳು ದಾಟಿ ಒಣ ಡಾಂಬರು ಸಿಕ್ಕಿತು, ಹಿಂದಿನ ಟೈರಿಗೆ ಒಂದೇ ಏಟಿಗೆ ಹಿಡಿತ ಬಂತು, ಎಡಕ್ಕೆ ಬೀಸಿದ ಹಿಂಬದಿ ಮತ್ತೆ ತಹಬಂದಿಗೆ ಬರಲೇ ಇಲ್ಲ. ಹಿಂದಿನ ಎಡ ಚಕ್ರ ರಸ್ತೆ ಅಂಚಿನ ಕಲ್ಲಿಗೆ ಬಡಿದು ನಿಂತಾಗ ನಾವು ಬಂದ ದಾರಿಗೇ ಮುಖ ಮಾಡಿದ್ದೆವು. ವೇಗ ಹೆಚ್ಚೆಂದರೆ ಗಂಟೆಗೆ 30 ಕಿಲೋಮೀಟರ್. ಎದುರಿಗೆ ಗಾಡಿ ಇರಲಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಲಾಯ್ ರಿಮ್ ಸೀಳಿತ್ತು, ಹಿಂದಿನ ಸಸ್ಪೆನ್ಷನ್‌ನ ತೋಳು ಬಗ್ಗಿತ್ತು. ಕಾರು ಟ್ರಕ್ ಏರಿ ಗ್ಯಾರೇಜಿಗೆ ಹೋಯಿತು.

ಗ್ಯಾರೇಜಿನವರು ಬೈಯಲಿಲ್ಲ, ಒಂದು ಕೆಲಸ ಹೇಳಿದರು. ಹೊರಗೆ ನಿಂತಿದ್ದ ಬೇರೊಂದು ಕಾರಿನ ವಿಂಟರ್ ಟೈರಿಗೆ ಉಗುರು ಒತ್ತಿ ನೋಡಿ, ಆಮೇಲೆ ನಿಮ್ಮದಕ್ಕೆ ಒತ್ತಿ ಅಂದರು. ಅದರಲ್ಲಿ ಉಗುರು ಸಲೀಸಾಗಿ ಇಳಿಯಿತು. ನಮ್ಮದು ಪ್ಲಾಸ್ಟಿಕ್ ಬಕೆಟ್ ಮುಟ್ಟಿದ ಹಾಗಿತ್ತು. ಅದೇ ಚಳಿ, ಅದೇ ಅಂಗಳ.

ವಿಷಯ ಇರೋದು ಇಲ್ಲೇ. ಸಮ್ಮರ್ ಟೈರಿನ ರಬ್ಬರನ್ನು ಬಿಸಿ ರಸ್ತೆಗೆ ಅಂತಲೇ ಮಾಡಿರುತ್ತಾರೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದ ಹಾಗೆ ಅದು ಗಟ್ಟಿಯಾಗುತ್ತದೆ. ಹಿಡಿತ ಅನ್ನೋದು ರಬ್ಬರ್ ಡಾಂಬರಿನ ಸಣ್ಣ ಸಣ್ಣ ತರಿಗಳಿಗೆ ಅಂಟಿ, ಒಳಗಿಳಿದು ಕೂರುವುದರಿಂದ ಬರುವಂಥದ್ದು. ಗಟ್ಟಿ ರಬ್ಬರ್ ಒಳಗೆ ಇಳಿಯುವುದೇ ಇಲ್ಲ, ಮೇಲೆ ಮೇಲೆ ತೇಲುತ್ತದೆ. 7 ಅನ್ನುವುದು ಸ್ವಿಚ್ ಅಲ್ಲ, 8ರಲ್ಲಿ ಸರಿ 6ರಲ್ಲಿ ಸಾವು ಅಂತೇನಿಲ್ಲ. ಆದರೆ ಸ್ಪೋರ್ಟ್ಸ್ ಕಾರಿಗೆ ಬರುವ ಜಾಸ್ತಿ ಹಿಡಿತದ ಸಮ್ಮರ್ ಟೈರುಗಳಲ್ಲಿ ಈ ಬದಲಾವಣೆ ಮಾಮೂಲಿ ಟೈರಿಗಿಂತ ಜೋರು. ಶೂನ್ಯಕ್ಕಿಂತ ಕೆಳಗೆ ಇಂಥ ಟೈರನ್ನು ಬಳಸಿದರೆ ರಬ್ಬರ್ ಬಿರುಕು ಬಿಡಬಹುದು ಅಂತ ಟೈರ್ ತಯಾರಕರೇ ಎಚ್ಚರಿಸುತ್ತಾರೆ. ಕೊರೆಯುವ ಚಳಿಯಲ್ಲಿ ಗಾಡಿಯನ್ನು ಗ್ಯಾರೇಜಿನಿಂದ ಸರಿಸುವುದೂ ಬೇಡ ಅನ್ನುವವರಿದ್ದಾರೆ. ಗಾಳಿಯೂ ಇಳಿಯುತ್ತದೆ: ಪ್ರತಿ 5-6 ಡಿಗ್ರಿ ಚಳಿ ಹೆಚ್ಚಿದಾಗ ಸುಮಾರು 1 ಪಿಎಸ್ಐ (ಟೈರಿನ ಗಾಳಿ ಒತ್ತಡ ಅಳೆಯುವ ಲೆಕ್ಕ) ಕಮ್ಮಿ.

ಮಾಮೂಲಿ ಕಾರಿಗೂ ಇದು ತೊಂದರೆಯೇ, ಆದರೆ ಹಿಂದಿನ ಚಕ್ರದ ಸ್ಪೋರ್ಟ್ಸ್ ಕಾರಿಗೆ ಯಾಕೆ ಜಾಸ್ತಿ? ಮುಂದಿನ ಚಕ್ರ ಓಡಿಸುವ ಕಾರಿನಲ್ಲಿ ಪವರ್ ಜಾಸ್ತಿಯಾದರೆ ಮೂತಿ ತಿರುವಿನ ಹೊರಗೆ ಜಾರುತ್ತದೆ. ಕಾಲು ತೆಗೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹಿಂದಿನ ಚಕ್ರ ಓಡಿಸುವುದರಲ್ಲಿ ಬಾಲ ಜಾರುತ್ತದೆ, ಕಾರು ತಿರುಗಲು ಶುರು ಮಾಡುತ್ತದೆ. ಇಲ್ಲಿ ಕಾಲನ್ನು ಪಟ್ಟಂತ ತೆಗೆದರೆ ಭಾರ ಮುಂದಕ್ಕೆ ಹೋಗಿ ಬಾಲ ಇನ್ನೂ ಹಗುರ. ಭಾವ ಗಾಬರಿಯಲ್ಲಿ ಮಾಡಿದ್ದೂ ಅದನ್ನೇ. ಮೊದಲೇ ಎಂಜಿನ್ ಮುಂದಿರುವುದರಿಂದ ಹಿಂದಿನ ಟೈರಿನ ಮೇಲೆ ಭಾರ ಕಮ್ಮಿ. ಟೈರಿಗೆ ಇರುವ ಒಟ್ಟು ಹಿಡಿತ ಇಷ್ಟೇ, ಅದನ್ನು ತಳ್ಳುವುದಕ್ಕೂ ತಿರುಗುವುದಕ್ಕೂ ಹಂಚಬೇಕು. ತಳ್ಳುವುದಕ್ಕೇ ಪೂರ್ತಿ ಖರ್ಚಾದರೆ ತಿರುವಿಗೆ ಏನೂ ಉಳಿಯಲ್ಲ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದೇ ಚಕ್ರ ಸುಮ್ಮನೆ ಸುತ್ತದಂತೆ ಎರಡಕ್ಕೂ ಪವರ್ ಹಂಚುವ ಭಾಗ) ಇದ್ದರೆ ಎರಡೂ ಹಿಂದಿನ ಚಕ್ರ ಒಟ್ಟಿಗೇ ಸುತ್ತಿ ಬಿಡುತ್ತವೆ. ಬೇಸಿಗೆಯಲ್ಲಿ ಖುಷಿ ಕೊಡುವ ಅದೇ ವಸ್ತು ಚಳಿಯಲ್ಲಿ ಕಾರನ್ನು ಅಡ್ಡಕ್ಕೆ ಕೊಂಡೊಯ್ಯುತ್ತದೆ. ಗೇರ್ ಸರ್ರನೆ ಇಳಿಸಿ ಎಂಜಿನ್ ಬ್ರೇಕ್ ಹಾಕುವುದೂ ಅಷ್ಟೇ ಅಪಾಯ.

"ಎಲೆಕ್ಟ್ರಾನಿಕ್ಸ್ ಇದೆಯಲ್ಲ" ಅನ್ನುವವರಿಗೆ: ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವುದು), ಟ್ರ್ಯಾಕ್ಷನ್ ಕಂಟ್ರೋಲ್ (ಪವರ್ ಕೊಟ್ಟಾಗ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವುದು), ಇಎಸ್‌ಸಿ (ಕಾರು ಅಡ್ಡ ಜಾರದಂತೆ ತಡೆಯುವುದು) ಎಲ್ಲ ಇರುವ ಹಿಡಿತವನ್ನು ಜಾಣತನದಿಂದ ಬಳಸುತ್ತವೆ. ಹಿಡಿತ ಹುಟ್ಟಿಸಲು ಅವಕ್ಕೆ ಬರಲ್ಲ. ಗಂಟೆಗೆ 50 ಕಿಲೋಮೀಟರ್‌ನಲ್ಲಿ ಬ್ರೇಕ್ ಹಾಕಿದರೆ ಒಳ್ಳೆ ಒಣ ರಸ್ತೆಯಲ್ಲಿ 11 ಮೀಟರ್ ಆಸುಪಾಸಿನಲ್ಲಿ ನಿಲ್ಲುತ್ತೀರಿ. ರಸ್ತೆ ಮತ್ತು ಟೈರಿನ ನಡುವಿನ ಘರ್ಷಣೆಯ ಅಂಕಿ (ಒಳ್ಳೆ ಒಣ ರಸ್ತೆಯಲ್ಲಿ 0.9 ಹತ್ತಿರ) 0.2ಕ್ಕೆ ಇಳಿದರೆ ಅದೇ ಲೆಕ್ಕ 50 ಮೀಟರ್ ಹತ್ತಿರ, 0.1 ಆದರೆ 100 ಮೀಟರ್ ಹತ್ತಿರ. ನಿಮ್ಮ ಪ್ರತಿಕ್ರಿಯೆಗೆ ಹಿಡಿಯುವ ಸಮಯ ಇದರಲ್ಲಿ ಸೇರಿಲ್ಲ. ನಾಲ್ಕೂ ಚಕ್ರಕ್ಕೆ ಪವರ್ ಹೋಗುವ ಕಾರಿಗೂ ಇದೇ ಲೆಕ್ಕ. ಅದು ಹೊರಡುವುದಕ್ಕೆ ಸಹಾಯ, ನಿಲ್ಲುವುದಕ್ಕಲ್ಲ.

ಇಷ್ಟಾದ ಮೇಲಾದರೂ ಕಥೆ ಮುಗಿಯಬೇಕಿತ್ತು. ಕಾರು ರಿಪೇರಿಯಾಗಿ ಬಂತು, ವಿಂಟರ್ ಟೈರ್ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ರಾತ್ರಿ ಹಿಮ ಬಿತ್ತು. ಹಿಮ ತೆಗೆಯುವ ಗಾಡಿಗೆ ಅಡ್ಡ ಆಗುತ್ತೆ, ರಸ್ತೆಯಿಂದ ಅಂಗಳಕ್ಕೆ ಹಾಕಿಬಿಡುತ್ತೇನೆ, ಎರಡು ನಿಮಿಷದ ಕೆಲಸ ಅಂತ ಭಾವ ಇಳಿದರು. ಮನೆ ಮುಂದೆ ಸಣ್ಣ ಇಳಿಜಾರು, ನಡೆಯುವಾಗ ಗೊತ್ತೂ ಆಗಲ್ಲ. ಕಾರು ಸ್ವಲ್ಪ ಮೇಲೇರಿತು, ಹಿಂದಿನ ಚಕ್ರ ಸುತ್ತಿ ಹಿಮವನ್ನು ಉಜ್ಜಿ ಗಾಜಿನ ಥರ ಮಾಡಿತು, ನಿಂತಿತು. ಭಾವ ಬ್ರೇಕ್ ಒತ್ತಿದರು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ನಾಲ್ಕೂ ಚಕ್ರ ಕಚ್ಚಿ ನಿಂತಿವೆ, ಒಂದೂ ತಿರುಗುತ್ತಿಲ್ಲ. ಆದರೂ ಕಾರು ಹಿಂದಕ್ಕೆ, ಆಮೇಲೆ ಅಡ್ಡಕ್ಕೆ, ನಿಧಾನವಾಗಿ ಪಕ್ಕದ ಮನೆಯ ಗೋಡೆ ಕಡೆ ಹೊರಟಿತು. ಒಳಗೆ ಭಾವ ಬ್ರೇಕ್ ಮೇಲೆ ನಿಂತೇ ಇದ್ದಾರೆ, ಮುಖದಲ್ಲಿ ರಕ್ತ ಇಲ್ಲ. ನನ್ನ ಕೈ ತಾನಾಗೇ ಕಾರನ್ನು ತಡೆಯಲು ಮುಂದೆ ಹೋಗಿತ್ತು. ಅಕ್ಕ ಕಿರುಚಿದ್ದಕ್ಕೆ ಸರಿದೆ. ಒಂದೂವರೆ ಟನ್ ಗಾಡಿಯ ಕೆಳಗಿನ ಬದಿಯಲ್ಲಿ ಯಾವತ್ತೂ ನಿಲ್ಲಬೇಡಿ, ತಳ್ಳಲೂ ಬೇಡಿ. ಗೋಡೆಗಿಂತ ಮೊದಲು ಹಿಮದ ಗುಡ್ಡೆ ಸಿಕ್ಕಿ ಕಾರು ನಿಂತಿತು.

ಹಿಂದಿನ ಚಕ್ರದ ಕಾರೇ ಕೆಟ್ಟದ್ದು ಅಂತ ಮಾತ್ರ ನಾನು ಹೇಳಲ್ಲ. ಒಳ್ಳೆ ವಿಂಟರ್ ಟೈರ್ ಹಾಕಿದ ಮೇಲೆ ಅದೇ ಕಾರು ಅದೇ ಇಳಿಜಾರನ್ನು ತಕರಾರಿಲ್ಲದೆ ಏರಿತು. ಟೈರ್ ಪಕ್ಕೆಯಲ್ಲಿ ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹರಳು ಇರುವ ಚಿತ್ರ ಇದೆಯಾ ನೋಡಿ. ಆ ಗುರುತಿಗೆ ಹಿಮದ ಮೇಲೆ ಪರೀಕ್ಷೆ ಪಾಸಾಗಬೇಕು. ಬರೀ "ಎಂ ಪ್ಲಸ್ ಎಸ್" (ಮಡ್ ಆ್ಯಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಅಂತ ಇದ್ದರೆ ಅದನ್ನು ನಂಬಬೇಡಿ, ಅದಕ್ಕೆ ಅಂಥ ಪರೀಕ್ಷೆ ಬೇಕಿಲ್ಲ. ಎರಡೇ ಟೈರ್ ಹಾಕಿ ದುಡ್ಡು ಉಳಿಸುವ ಐಡಿಯಾ ಬಿಡಿ. ಹಿಂದೆ ಮಾತ್ರ ಹಾಕಿದರೆ ಕಾರು ಹೊರಡುತ್ತದೆ, ಆದರೆ ತಿರುಗಲ್ಲ, ನಿಲ್ಲಲ್ಲ. ಮುಂದೆ ಮಾತ್ರ ಹಾಕಿದರೆ ಬಾಲ ಇನ್ನೂ ಬೇಗ ಬೀಸುತ್ತದೆ. ಕಾರಿನ ಕೈಪಿಡಿಯಲ್ಲಿ ಒಪ್ಪುವ ಸಣ್ಣ ಅಳತೆ ಇದ್ದರೆ ಅದನ್ನೇ ತಗೊಳ್ಳಿ. ಅಗಲ ಟೈರ್ ಕೆಸರು ಹಿಮದ ಮೇಲೆ ತೇಲುತ್ತದೆ, ಕಿರಿದಾದದ್ದು ಕೊಯ್ದು ಕೆಳಗಿಳಿಯುತ್ತದೆ. ಡಿಕ್ಕಿಯಲ್ಲಿ ಮರಳು ಮೂಟೆ ಇಡುವ ಸಲಹೆ ಭಾವನಿಗೂ ಬಂದಿತ್ತು. ಹೊರಡಲು ಸ್ವಲ್ಪ ಅನುಕೂಲ ಆಗಬಹುದು, ಆದರೆ ಬಾಲ ಬೀಸಿದಾಗ ಆ ತೂಕವೂ ಜೊತೆಗೇ ಬೀಸುತ್ತದೆ.

ಈಗಾಗಲೇ ಸಮ್ಮರ್ ಟೈರ್‌ನಲ್ಲಿ ಹೊರಗೆ ಸಿಕ್ಕಿಕೊಂಡಿದ್ದರೆ ಸ್ಪೋರ್ಟ್ ಮೋಡ್ ತೆಗೆಯಿರಿ. ಮ್ಯಾನುಯಲ್ ಗೇರ್ ಆದರೆ ಎರಡನೇ ಗೇರಿನಲ್ಲಿ ಹೊರಡಿ. ಸೇತುವೆ ಮೇಲೆ ಜೋಪಾನ, ಮೇಲೆ ಕೆಳಗೆ ಎರಡೂ ಕಡೆ ಗಾಳಿ ಆಡುವುದರಿಂದ ಅಲ್ಲಿ ಮೊದಲು ಮಂಜುಗಟ್ಟುತ್ತದೆ. ಹಿಂಬದಿ ಜಾರಿದರೆ, ಕ್ಲಚ್ ಇರುವ ಕಾರಾದರೆ ಅದನ್ನು ಒತ್ತಿ, ಹೋಗಬೇಕಾದ ಕಡೆ ಕಣ್ಣಿಟ್ಟು ಸ್ಟೀರಿಂಗ್ ತಿರುಗಿಸಿ. ಆದರೆ ನಿಜವಾಗಿ ಹೇಳಬೇಕೆಂದರೆ, ಸಾಧ್ಯವಾದರೆ ಗಾಡಿ ಪಾರ್ಕ್ ಮಾಡಿ ಬಸ್ ಹಿಡಿದು ಬನ್ನಿ.

ಇನ್ನೊಂದು, ಮೊದಲ ಹಿಮ ಬಿದ್ದ ದಿನ ಟೈರ್ ಅಂಗಡಿಗೆ ಫೋನ್ ಮಾಡಿದರೆ ಎಲ್ಲರೂ ಅದೇ ಸಾಲಿನಲ್ಲಿರುತ್ತಾರೆ. ಬೆಳಗಿನ ಚಳಿ 7 ಡಿಗ್ರಿಗೆ ಇಳಿಯುವ ಮುಂಚೆಯೇ ದಿನ ಗೊತ್ತು ಮಾಡಿಕೊಳ್ಳಿ. ನಮ್ಮಲ್ಲಿ ಈ ಸಲ ಆ ಫೋನನ್ನು ಅಕ್ಕನೇ ಮಾಡಿದ್ದಾಳೆ, ಭಾವನನ್ನು ಕೇಳದೆ.