ಮೂಡಗಾಳಿಗೆ ಯಾವ ಸೈಕಲ್?

ಈ ಚಳಿಗಾಲ ವಿಜಯಪುರದಿಂದ ತೊರವಿ ದಾಟಿ ತಿಕೋಟಾದ ಕಡೆಗೆ, ಬೆಳಗಿನ ಆರಕ್ಕೆ, ಎರಡು ಸೈಕಲ್‌ಗಳನ್ನು ಸರದಿಯ ಮೇಲೆ ತುಳಿದೆ. ಒಂದು ಅಪ್ಪನ 28 ಇಂಚಿನ ಕಪ್ಪು ಸೈಕಲ್, ಇನ್ನೊಂದು ನಾನು ಕೊಂಡ 21 ಗೇರಿನ ಹೈಬ್ರಿಡ್, ಅಂದರೆ ಡಾಂಬರಿಗೂ ಕಚ್ಚಾ ದಾರಿಗೂ ಆಗುವ ಸೈಕಲ್. ಚಳಿಗೆ ಸ್ವೆಟರ್, ಮಫ್ಲರ್ ಸಾಕು. ಸೈಕಲ್ಲನ್ನು ಕಾಡುವುದು ಗಾಳಿ, ಧೂಳು ಮತ್ತು ಮುಳ್ಳು.

ಈ ಕಾಲದಲ್ಲಿ ನಮ್ಮಲ್ಲಿ ಹೆಚ್ಚಾಗಿ ಮೂಡಗಾಳಿ. ಪಡುವಣಕ್ಕೆ ಹೋಗುವಾಗ ಬೆನ್ನು ತಟ್ಟುತ್ತದೆ, ಮರಳುವಾಗ ಎದೆಗೆ ಒದೆಯುತ್ತದೆ. ಸುಮಾರು 20 ಕಿಲೋ ತೂಗುವ ಕಪ್ಪು ಸೈಕಲ್ಲನ್ನು ತೊರವಿಯ ಹತ್ತಿರ ಎದ್ದು ನಿಂತು ತುಳಿಯಬೇಕಾಗುತ್ತಿತ್ತು. ಜಲ್ಲೆ ಜಾರಿ ಬೀಳುವ ಭಯವಿದ್ದರೂ ಕಬ್ಬಿನ ಟ್ರಾಲಿಯ ಮರೆ ಸಿಕ್ಕರೆ ಸಾಕೆನಿಸುತ್ತಿತ್ತು. ಹೈಬ್ರಿಡ್‌ನಲ್ಲಿ ಎರಡು ಗೇರ್ ಇಳಿಸಿದರೆ ಕುಳಿತೇ ಬರಬಹುದು. ನನಗೆ ಅಷ್ಟೇ ಸಾಕು, ಗೆಲುವು ಅದರದೇ.

ಆರೈಕೆಯ ಮಾತು ಬಂದರೆ ಹೊಸದು ಮಹಾ ಹಟಮಾರಿ. ಅಪ್ಪನ ಸೈಕಲ್‌ನ ಚೈನು ತಗಡಿನ ಕವಚದೊಳಗಿದೆ. ಮೂರು ತಿಂಗಳಲ್ಲಿ ಎರಡು ಸಲ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ, ಮುಗಿಯಿತು. ಹೈಬ್ರಿಡ್‌ನ ಬರಿ ಚೈನಿಗೆ ಎಣ್ಣೆ ಹೆಚ್ಚಾದರೆ ಎರೆಮಣ್ಣಿನ ಧೂಳು ಕೂಡಿ ಕಾಡಿಗೆಯಾಗುತ್ತದೆ. ಭಾನುವಾರಕ್ಕೊಮ್ಮೆ ಡೀಸೆಲ್‌ನಲ್ಲಿ ಅದ್ದಿದ ಹಳೆಯ ಧೋತರದ ತುಂಡಿನಿಂದ ಒರೆಸಿ, ಕೊಂಡಿಗೊಂದು ಹನಿ ಬಿಟ್ಟು, ಮೇಲಿನದನ್ನು ಮತ್ತೆ ಒರೆಸಬೇಕು. ಒಮ್ಮೆ ಎಣ್ಣೆ ಮುಗಿದಿತ್ತೆಂದು ಕೊಬ್ಬರಿ ಎಣ್ಣೆ ಸುರಿದೆ. ಅದು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುವುದು ಗೊತ್ತಿದ್ದೂ ಮರೆತಿದ್ದೆ. ಬೆಳಿಗ್ಗೆ ನೋಡಿದರೆ ಕೊಂಡಿಗಳ ನಡುವೆ ಬಿಳಿಯ ಮೇಣ. “ಇನ್ನು ಜಡೆಯನ್ನೂ ಹೆಣೆದುಬಿಡು” ಎಂದಳು ಅವ್ವ.

ನೆಗ್ಗಿಲು ಮುಳ್ಳಿಗೆ ಹೊಸದು, ಹಳೆಯದೆಂಬ ಭೇದವಿಲ್ಲ. ಒಂದು ದಿನ ಪಂಕ್ಚರ್ ಹಾಕಿಸಿಕೊಂಡು ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಮತ್ತೆ ಗಾಳಿ ಹೋಯಿತು. ಟ್ಯೂಬಿಗೆ ತೇಪೆ ಬಿದ್ದಿತ್ತು, ಟೈರಿನೊಳಗೆ ನುಚ್ಚಿನಷ್ಟು ಮುಳ್ಳಿನ ತುದಿ ಉಳಿದಿತ್ತು. ಈಗ ಟೈರಿನ ಒಳಗೆ ಹತ್ತಿಯ ಉಂಡೆ ಆಡಿಸಿ ನೋಡುತ್ತೇನೆ. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ಮುಳ್ಳಿದೆ.

ಗಾಳಿಯನ್ನು ಹೊರಡುವ ಮುನ್ನವೇ ತುಂಬುವುದು ಒಳ್ಳೆಯದು. ಮಧ್ಯಾಹ್ನ 30 ಡಿಗ್ರಿಯಲ್ಲಿ 60 ಪೌಂಡ್ ಒತ್ತಡಕ್ಕೆ ತುಂಬಿದ ಟೈರು, 12 ಡಿಗ್ರಿಯ ಬೆಳಗಿನಲ್ಲಿ ಸೋರದೆಯೂ ನಾಲ್ಕು ಪೌಂಡ್ ಇಳಿದಿರುತ್ತದೆ.

ಕಪ್ಪು ಸೈಕಲ್ ಈಗ ಹಿಟ್ಟಿನ ಗಿರಣಿಗೆ ಹೋಗಿ ಬರುತ್ತದೆ. ಅದರಂಥ ಕವಚ ಹೈಬ್ರಿಡ್‌ಗೂ ಹಾಕಲು ಬರುತ್ತದೆಯೇ ಎಂದು ರಿಪೇರಿಯವನನ್ನು ಕೇಳಿದೆ. ಗೇರ್ ಬದಲಿಸುವಾಗ ಚೈನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಹೊರಳಬೇಕಲ್ಲ ಸರ್, ಆಗದು ಎಂದ. ಭಾನುವಾರದ ಧೋತರದ ತುಂಡು ತಪ್ಪಲಿಲ್ಲ.