ಭೂತಾನಿನ ಲಾಯಾ ಹಬ್ಬಕ್ಕೆ ಅಗ್ಗದ ಡೋಮ್ ಟೆಂಟ್: ಯಾವುದು ಸಾಕು, ಯಾವುದು ಸಾಲದು

ಐದಾರು ಸಾವಿರ ರೂಪಾಯಿ ಆಸುಪಾಸಿನ, ಇಬ್ಬರು ಮಲಗುವ, ಎರಡು ಪದರದ ಡೋಮ್ ಟೆಂಟ್. ಫೈಬರ್‌ಗ್ಲಾಸ್ ಕೋಲು, ಮೂರು ಕೆ.ಜಿ. ಆಸುಪಾಸಿನ ತೂಕ. ಆನೆಗೊಂದಿ, ಸಾಣಾಪುರದ ಕಡೆ ಬಂಡೆ ಹತ್ತುವವರ ಹತ್ತಿರ ಹೆಚ್ಚಾಗಿ ಇಂಥದ್ದೇ ಇರುತ್ತದೆ. ಅಕ್ಟೋಬರ್‌ನಲ್ಲಿ ಭೂತಾನಿನ ಗಾಸಾ ಜಿಲ್ಲೆಯ ಲಾಯಾದಲ್ಲಿ ನಡೆಯುವ ರಾಯಲ್ ಹೈಲ್ಯಾಂಡ್ ಫೆಸ್ಟಿವಲ್‌ಗೆ ಇದನ್ನೇ ಒಯ್ಯಬಹುದೇ ಎಂದರೆ, ಟೆಂಟ್ ಸಾಕು. ಅದರ ಜೊತೆ ಬರುವ ಗೂಟ ಸಾಲದು. ಕಾಂಬೋ ಅಂತ ಅಂಗಡಿಯವರು ಸೇರಿಸಿ ಕೊಡುವ ತೆಳು ಸ್ಲೀಪಿಂಗ್ ಬ್ಯಾಗ್ ಅಂತೂ ಬೇಡವೇ ಬೇಡ.

2016ರಲ್ಲಿ ಶುರುವಾದ ಈ ಹಬ್ಬ ಯಾಕ್ ಸಾಕುವ ಎತ್ತರದ ಬೆಟ್ಟದ ಜನರದು. ಯಾಕ್, ಕುದುರೆ, ಮ್ಯಾಸ್ಟಿಫ್ ನಾಯಿಗಳನ್ನು ಸಿಂಗರಿಸಿ ತರುತ್ತಾರೆ. ಲಾಯಾದ ಹೆಂಗಸರ ಚೂಪು ತುದಿಯ ಬಿದಿರು ಟೋಪಿ ನೋಡಲಿಕ್ಕಾದರೂ ಹೋಗಬೇಕು. ಆದರೆ ಜಾಗ ಸುಮಾರು 3,800 ಮೀಟರ್ ಎತ್ತರದಲ್ಲಿದೆ. ಬಳ್ಳಾರಿ 500 ಮೀಟರೂ ಇಲ್ಲ. ಲಾಯಾದಲ್ಲಿ ಅಕ್ಟೋಬರ್ ಕೊನೆಯ ರಾತ್ರಿಗಳು ಸೊನ್ನೆಗಿಂತ ಕೆಳಗಿಳಿಯುತ್ತವೆ.

ಟೆಂಟ್‌ನ ಹೊರ ಪದರ ಪಾಲಿಯೆಸ್ಟರ್ ಆಗಿದ್ದರೆ ಒಳ್ಳೆಯದು. ನೈಲಾನ್ ನೆನೆದರೆ ಸಡಿಲಾಗಿ ಜೋಲುತ್ತದೆ. ನೀರು ತಡೆಯುವ ಅಳತೆ 2,000 ಮಿ.ಮೀ. ಇದ್ದರೆ ಧಾರಾಳ. ಆದರೆ ಹೊಲಿಗೆ ಮೇಲೆ ಟೇಪ್ ಅಂಟಿಸಿದ್ದಾರಾ ಅಂತ ಒಳಗಿಂದ ಬೆರಳಾಡಿಸಿ ನೋಡಿ, ಸೋರುವುದು ಬಟ್ಟೆಯಲ್ಲಲ್ಲ, ಹೊಲಿಗೆಯಲ್ಲಿ. ಸಂಜೆ ಮಾಳಿಗೆ ಮೇಲೆ ಕಟ್ಟಿ, ಪೈಪಿನಿಂದ ಕಾಲು ಗಂಟೆ ನೀರು ಬಿಟ್ಟರೆ ಎಲ್ಲ ಗೊತ್ತಾಗುತ್ತದೆ. ಬಳ್ಳಾರಿ ಬಿಸಿಲಲ್ಲಿ ದಿನವಿಡೀ ಬಿಟ್ಟು ಪರೀಕ್ಷೆ ಮಾಡಬೇಡಿ, ಬಟ್ಟೆಯ ಆಯುಸ್ಸು ಅಲ್ಲೇ ಕರಗುತ್ತದೆ.

ಫೈಬರ್‌ಗ್ಲಾಸ್ ಕೋಲು ಸೀಳುವುದು ಸಾಮಾನ್ಯವಾಗಿ ಲೋಹದ ಜೋಡಣೆಯ ಬಾಯಲ್ಲಿ. ತುಂಡುಗಳನ್ನು ಪೂರ್ತಿ ಕೂರಿಸದೆ ಬಗ್ಗಿಸಿದರೆ ಇಡೀ ಭಾರ ಆ ಅಂಚಿಗೆ ಬೀಳುತ್ತದೆ. ಒಂದು ಗೇಣು ಉದ್ದದ ಅಲ್ಯೂಮಿನಿಯಂ ರಿಪೇರಿ ಕೊಳವೆ, ನೀರಿನ ಬಾಟಲಿಗೆ ಸುತ್ತಿದ ಎರಡು ಮೀಟರ್ ಡಕ್ಟ್ ಟೇಪ್, ಇವೆರಡಿದ್ದರೆ ಅಲ್ಲೇ ಸರಿಮಾಡಬಹುದು. ರಸ್ತೆ ಮುಗಿದ ಮೇಲೆ ಸಾಮಾನು ಕುದುರೆ ಮೇಲೆ ಹೋಗುವುದಾದರೆ ಕೋಲಿನ ಕಟ್ಟನ್ನು ಮೂಟೆಯ ನಡುವೆ, ಬಟ್ಟೆಯಲ್ಲಿ ಸುತ್ತಿಡಿ. ಹಗ್ಗ ಬಿಗಿಯುವವರು ಒಳಗೇನಿದೆ ಅಂತ ನೋಡುವುದಿಲ್ಲ.

ಗೂಟದ ವಿಷಯ. ಕೊಡುವ ತಂತಿ ಗೂಟ ಮಳೆಗಾಲದ ಎರಿ ಹೊಲದಲ್ಲಿ ಬೆಣ್ಣೆಗೆ ಕಡ್ಡಿ ಚುಚ್ಚಿದಂತೆ ಇಳಿಯುತ್ತದೆ, ಅಷ್ಟೇ ಸುಲಭವಾಗಿ ಮೇಲೆ ಬರುತ್ತದೆ. ಗಟ್ಟಿ ಮಸಾರಿಯಲ್ಲಿ, ಕಲ್ಲು ಬೆರೆತ ಬೆಟ್ಟದ ನೆಲದಲ್ಲಿ ಬಗ್ಗುತ್ತದೆ. ಮೂರು ಮೂಲೆಯ ಅಲ್ಯೂಮಿನಿಯಂ ಗೂಟ ಎಂಟು ಕೊಳ್ಳಿ. ಗೂಟ ಇಳಿಯದ ಕಡೆ ಹಗ್ಗವನ್ನು ಸಣ್ಣ ಕಲ್ಲಿಗೆ ಕಟ್ಟಿ, ಅದರ ಮುಂದೆ, ಟೆಂಟ್ ಕಡೆಗೆ, ದೊಡ್ಡ ಕಲ್ಲು ಒರಗಿಸಿ. ದೊಡ್ಡ ಕಲ್ಲಿಗೇ ಕಟ್ಟಿದರೆ ಉಜ್ಜಿ ಉಜ್ಜಿ ಹಗ್ಗ ಹರಿಯುತ್ತದೆ. ಇದಕ್ಕೆ ನಾಲ್ಕು ಮಿ.ಮೀ. ದಪ್ಪದ ಹಗ್ಗ ಹತ್ತು ಮೀಟರ್ ಹೆಚ್ಚಿಗೆ ಬೇಕು.

ಚಳಿ ಅಂತ ಟೆಂಟ್‌ನ ಕಿಂಡಿಗಳನ್ನೆಲ್ಲ ಮುಚ್ಚುವುದು ನಮ್ಮ ಕಡೆಯವರು ಮಾಡುವ ದೊಡ್ಡ ತಪ್ಪು. ಇಬ್ಬರು ರಾತ್ರಿಯಿಡೀ ಬಿಡುವ ಉಸಿರಿನ ನೀರು ಹೊರ ಪದರದ ಒಳಮೈಗೆ ಕೂತು ಹೆಪ್ಪುಗಟ್ಟುತ್ತದೆ, ಬೆಳಗ್ಗೆ ಕರಗಿ ಹಾಸಿಗೆ ಮೇಲೆ ಹನಿಯುತ್ತದೆ. ಮೇಲಿನ ಕಿಂಡಿ ತೆರೆದೇ ಇರಲಿ. ಎರಡು ಪದರ ಒಂದಕ್ಕೊಂದು ತಾಗದಂತೆ ಪಕ್ಕದ ಹಗ್ಗ ಎಳೆದು ಕಟ್ಟಿ.

ಇಷ್ಟನ್ನೆಲ್ಲ ಊರಲ್ಲೇ ಪರೀಕ್ಷಿಸಬಹುದು. ಸ್ಲೀಪಿಂಗ್ ಬ್ಯಾಗನ್ನು ಮಾತ್ರ ಆಗದು. ಡಿಸೆಂಬರ್‌ನಲ್ಲೂ ಅಂಥ ಚಳಿ ಬಳ್ಳಾರಿಗಾಗಲಿ ರಾಯಚೂರಿಗಾಗಲಿ ಬರುವುದಿಲ್ಲ. ಹಾಗಾಗಿ ಚೀಟಿ ಓದಲೇಬೇಕು. ಐಎಸ್‌ಒ 23537 ಪ್ರಕಾರ ಅಳೆದ ಬ್ಯಾಗಿನಲ್ಲಿ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಅಂತ ಮೂರು ಅಂಕಿ ಇರುತ್ತವೆ. ಕಂಫರ್ಟ್ ನೋಡಿ ಕೊಳ್ಳಿ. ಎಕ್ಸ್‌ಟ್ರೀಮ್ ಎಂದರೆ ಜೀವ ಉಳಿಯುವ ಲೆಕ್ಕ, ನಿದ್ದೆಯದ್ದಲ್ಲ. ಅಂಗಡಿಯಲ್ಲಿ ದಪ್ಪಕ್ಷರದಲ್ಲಿ ಬರೆದ ಅಂಕಿ ಯಾವುದು ಅಂತ ಕೇಳಿ ತಿಳಿದುಕೊಳ್ಳಿ. ಲಾಯಾಕ್ಕೆ ಕಂಫರ್ಟ್ ಮೈನಸ್ 5 ಇರಲಿ. ಉಷ್ಣ ಪ್ರದೇಶದಲ್ಲಿ ಬೆಳೆದ ಮೈಗೆ ಅದು ಹೆಚ್ಚೇನಲ್ಲ.

ಬ್ಯಾಗ್ ಎಷ್ಟೇ ಚೆನ್ನಾಗಿದ್ದರೂ ಬೆನ್ನಡಿ ಅದರೊಳಗೆ ತುಂಬಿದ್ದು ಒತ್ತಿ ಹೋಗುತ್ತದೆ, ನೆಲ ಶಾಖ ಹೀರುತ್ತದೆ. ಹತ್ತು ಮಿ.ಮೀ. ಫೋಮ್ ಮ್ಯಾಟ್ ಒಂದೇ ಸಾಲದು, ಎರಡು ಹಾಸಿ. ಮ್ಯಾಟ್‌ಗಳ ಆರ್-ಮೌಲ್ಯ, ಅಂದರೆ ಶಾಖ ತಡೆಯುವ ಅಳತೆ, ಒಂದಕ್ಕೊಂದು ಕೂಡುತ್ತದೆ. ಮೇಲೆ ಕುರಿ ಉಣ್ಣೆಯ ಕರಿ ಕಂಬಳಿ ಇದ್ದರಂತೂ ಭೇಷ್, ಒದ್ದೆಯಾದರೂ ಬೆಚ್ಚಗಿಡುತ್ತದೆ. ತೂಕ ಹೊರಲು ಮನಸ್ಸಿರಬೇಕು ಅಷ್ಟೆ.

ಒಲೆಯ ಗ್ಯಾಸ್ ಡಬ್ಬಿ ವಿಮಾನದಲ್ಲೂ ರೈಲಿನಲ್ಲೂ ಒಯ್ಯುವಂತಿಲ್ಲ. ಅಲ್ಲಿ ಕೊಳ್ಳುವುದಾದರೆ ಬರೀ ಬ್ಯೂಟೇನ್ ಬೇಡ, ಅದು ಅಂಥ ಚಳಿಯಲ್ಲಿ ಸರಿಯಾಗಿ ಆವಿಯಾಗುವುದಿಲ್ಲ. ಪ್ರೊಪೇನ್ ಬೆರೆತದ್ದು ಹುಡುಕಿ.

ದಾರಿಯಲ್ಲಿ ಥಿಂಪು (ಸುಮಾರು 2,300 ಮೀಟರ್), ಗಾಸಾ ಎರಡೂ ಕಡೆ ರಾತ್ರಿ ತಂಗಿ. ತಲೆನೋವು, ವಾಂತಿ ಶುರುವಾದರೆ ಮೇಲೆ ಹತ್ತಬೇಡಿ, ಹೆಚ್ಚಾದರೆ ಇಳಿಯಿರಿ. ಭಾರತೀಯರಿಗೆ ತಲೆಗೆ ರಾತ್ರಿಗೆ 1,200 ನ್ಗುಲ್ಟ್ರಮ್ (ಭೂತಾನಿನ ಹಣ) ಪ್ರವಾಸಿ ಶುಲ್ಕ, ರೂಪಾಯಿಗೆ ಸಮ. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕು, ಆಧಾರ್ ನಡೆಯದು.

ಮರಳಿ ಬಂದ ದಿನವೇ ಟೆಂಟನ್ನು ನೆರಳಲ್ಲಿ ಹರವಿ, ಹೊಲಿಗೆಗಳೂ ಒಣಗಿದ ಮೇಲೆ ಸಡಿಲಾಗಿ ಮಡಚಿಡಿ. ಹಸಿ ಇದ್ದಾಗಲೇ ಸುತ್ತಿಟ್ಟರೆ ಏಪ್ರಿಲ್ ಸೆಕೆಗೆ ಒಳಗಿನ ನೀರು ತಡೆಯುವ ಪಿಯು (ಪಾಲಿಯುರೆಥೇನ್) ಲೇಪ ಅಂಟಂಟಾಗಿ ಸುಲಿದು ಬರುತ್ತದೆ, ಅದಕ್ಕೆ ರಿಪೇರಿ ಇಲ್ಲ.